ಪರದೆಯ ಕೆಳಗಿನ ಪಾದಗಳು

ಆ ಪ್ರಾಥಮಿಕ ಶಾಲೆಯ ಗೇಟಿನ ಪಕ್ಕ ಒಂದು ಸುದ್ದಿ ಫಲಕವಿತ್ತು. ಯಾರ ಹಾಲುಹಲ್ಲು ಬಿತ್ತು, ಯಾವ ತರಗತಿಯವರು ನೆಟ್ಟ ಕಾಳು ಮೊಳಕೆಯೊಡೆಯಿತು, ಯಾವ ಪೋಷಕರು ಬಂದು ಕಿಟಕಿಗೆ ಬಣ್ಣ ಹೊಡೆದರು ಎಂಬ ಸುದ್ದಿಗಳು ಸೋಮವಾರದ ಹೊತ್ತಿಗೆ ಅಲ್ಲಿ ಅಂಟಿರುತ್ತಿದ್ದವು. ಲೋಕಕ್ಕೆ ಅವುಗಳಿಂದ ಏನೂ ಆಗಬೇಕಾಗಿರಲಿಲ್ಲ, ಆ ಬೀದಿಗೆ ಮಾತ್ರ ಅವನ್ನು ಓದದೆ ತಿಂದದ್ದು ಅರಗುತ್ತಿರಲಿಲ್ಲ. ಆ ಫಲಕದ ಮೇಲೆ ಅತಿ ಹೆಚ್ಚು ಸಲ ಹಲ್ಲುಕಿರಿದು ನಿಂತವನು ಯಾವ ವಿದ್ಯಾರ್ಥಿಯೂ ಅಲ್ಲ, ಮೂರನೇ ತರಗತಿಯ ಹುಡುಗಿಯೊಬ್ಬಳ ಅಪ್ಪ. ಪೇಟೆಯ ದೊಡ್ಡ ಪಾದರಕ್ಷೆ ಅಂಗಡಿಯಲ್ಲಿ ಮಕ್ಕಳ ವಿಭಾಗ ನೋಡಿಕೊಳ್ಳುವ ಸೇಲ್ಸ್‌ಮನ್. ಶಾಲೆಯಲ್ಲಿ ಎಲ್ಲರ ಬಾಯಲ್ಲೂ ಅವನು ಶೂ ಅಂಕಲ್.

ಶಾಲೆಯಲ್ಲಿ ಒಂದು ಮೊಳೆ ಹೊಡೆಯುವುದಿದ್ದರೂ ಶೂ ಅಂಕಲ್ ಸುತ್ತಿಗೆ ಹಿಡಿದು ಹಾಜರು. ಆಟದ ದಿನ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವನು ಅವನೇ, ಪೋಷಕರ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು, ಕೇಳದಿದ್ದರೂ ಸಲಹೆ ಕೊಡುವವನೂ ಅವನೇ. ಆ ವರ್ಷ ಶಾಲೆ ತೆರೆದ ಹೊಸದರಲ್ಲಿ ಮಕ್ಕಳಿಗೆ ಶೂ ಕೊಳ್ಳುವುದು ಹೇಗೆ ಎಂದು ಒಂದು ಭಾಷಣವನ್ನೂ ಬಿಗಿದಿದ್ದ. "ಮಗುನ ಕೇಳಲೇಬೇಡಿ. ಬಣ್ಣ ಇಷ್ಟವಾದ್ರೆ ಕಾಲು ನೋಯ್ತಿದ್ರೂ ಸರಿಯಾಗಿದೆ ಅನ್ನತ್ತೆ. ನೀವೇ ಬಗ್ಗಿ, ಹೆಬ್ಬೆರಳಿಂದ ತುದಿ ಒತ್ತಿ ನೋಡಿ. ಬಗ್ಗೋಕೆ ಸೋಮಾರಿತನ ಪಡೋರು ಮಕ್ಕಳನ್ನ ಯಾಕ್ರೀ ಹೆರಬೇಕು?" ಎಂದಾಗ ಸಭೆ ಬಿದ್ದು ಬಿದ್ದು ನಕ್ಕಿತ್ತು. ಫಲಕದಲ್ಲಿ ಆ ಮಾತು ಫೋಟೋ ಸಮೇತ ಬಂದಿತ್ತು. ಅವನು ಕೆಲಸಕ್ಕೆ ಹೋಗುವಾಗ ದಾರಿ ಸ್ವಲ್ಪ ಸುತ್ತಾದರೂ ಪರವಾಗಿಲ್ಲವೆಂದು ಆ ಗೇಟಿನ ಮುಂದೆಯೇ ಹೋಗುತ್ತಿದ್ದ.

ಮಾತು ಸುಳ್ಳಲ್ಲ, ಕೆಲಸದಲ್ಲಿ ಅವನು ಗಟ್ಟಿಗ. ಶಾಲೆ ತೆರೆಯುವ ಕಾಲದಲ್ಲಿ ಗಿರಾಕಿಗಳ ಮುಂದೆ ಆ ಗಿಡ್ಡ ಸ್ಟೂಲಿನ ಮೇಲೆ ಕೂತು ಎದ್ದು, ಏಣಿ ಹತ್ತಿ ಪೆಟ್ಟಿಗೆ ಇಳಿಸಿ, ಅಳುವ ಮಕ್ಕಳನ್ನು ರಮಿಸಿ, ಒದೆಯುವ ಮಕ್ಕಳ ಒದೆ ತಿಂದು, ರಾತ್ರಿ ಮನೆ ಸೇರುವಷ್ಟರಲ್ಲಿ ಅವನ ಸೊಂಟ ಅವನ ಮಾತು ಕೇಳುತ್ತಿರಲಿಲ್ಲ. ಹೊಸ್ತಿಲು ದಾಟುತ್ತಲೇ ಆಜ್ಞೆ ಹೊರಡುತ್ತಿತ್ತು: "ಈ ಮನೇಲಿ ಶೂ ಅನ್ನೋ ಮಾತು ಯಾರ ಬಾಯಿಂದಾದ್ರೂ ಬಂದ್ರೆ ನೋಡಿ ಮತ್ತೆ!" ತಮಾಷೆಯೇ. ಆದರೆ ಹೇಳುವಾಗ ಮುಖ ಗಂಟಿಕ್ಕಿರುತ್ತಿತ್ತು, ಮಗಳು ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಒಮ್ಮೆ ಹೆಂಡತಿ, "ರೀ, ಗುಬ್ಬಿ ಕಾಲು ಒಂಚೂರು ನೋಡಿ," ಎಂದಿದ್ದಳು. "ಹ್ಞೂಂ, ನಾಳೆ," ಎಂದು ಮಗ್ಗುಲು ಬದಲಿಸಿದ್ದ. ಗುಬ್ಬಿ ಎಂದರೆ ಮಗಳೇ. ಹೊಲಿಗೆ ಕಾರ್ಖಾನೆಯ ಪಾಳಿಯ ಗಡಿಬಿಡಿಯಲ್ಲಿ ಹೆಂಡತಿಯೂ ಮತ್ತೆ ನೆನಪಿಸಲಿಲ್ಲ.

ಪೋಷಕರ ದಿನ ಬಂತು. ಹೆಂಡತಿಗೆ ರಜೆ ಸಿಗಲಿಲ್ಲ, ಅವನು ಇಸ್ತ್ರಿ ಅಂಗಿ ತೊಟ್ಟು ಹೊರಟ. ಸುದ್ದಿ ಫಲಕ ನೋಡಿಕೊಳ್ಳುವ ಟೀಚರಮ್ಮ ಒಂದು ಆಟ ಕಟ್ಟಿದ್ದರು. ಸಭಾಂಗಣದಲ್ಲಿ ಅಡ್ಡಲಾಗಿ ಪರದೆ, ಅದರ ಹಿಂದೆ ಬರಿಗಾಲಲ್ಲಿ ನಿಂತ ಮೂರನೇ ತರಗತಿಯ ಮಕ್ಕಳು. ಪರದೆಯ ಕೆಳಗೆ ಪಾದಗಳಷ್ಟೇ ಕಾಣುತ್ತವೆ. ಅಪ್ಪ ಅಮ್ಮಂದಿರು ತಮ್ಮ ತಮ್ಮ ಮಗುವನ್ನು ಗುರುತಿಸಬೇಕು.

"ಶೂ ಅಂಕಲ್‌ನ ಆಟಕ್ಕೆ ಸೇರಿಸಬಾರದು, ಮೋಸ ಆಗತ್ತೆ," ಎಂದರು ಬೇಕರಿಯವರು. ಅವರ ಮಗನೂ ಪರದೆಯ ಹಿಂದಿದ್ದ.

ಇಷ್ಟು ಸಾಕಾಯಿತು, ನಮ್ಮವನು ಉಬ್ಬಿಹೋದ. ಮಗಳನ್ನು ಹುಡುಕಿ ಸುಮ್ಮನೆ ನಿಂತಿದ್ದರೆ ಆಗುತ್ತಿತ್ತು. ಬದಲಿಗೆ ಕೈ ಹಿಂದೆ ಕಟ್ಟಿಕೊಂಡು, ಮೊದಲ ಪಾದದಿಂದಲೇ ವ್ಯಾಖ್ಯಾನ ಶುರುಮಾಡಿದ. "ಈ ಮಗು ಸ್ಯಾಂಡಲ್ ಹಾಕ್ಕೊಂಡೇ ಬಿಸಿಲಲ್ಲಿ ಆಡತ್ತೆ, ಪಟ್ಟಿ ಗುರುತು ನೋಡಿ. ಈ ಸಾಹೇಬರು ಪಾದದ ಹೊರಗಡೆ ಅಂಚಿನ ಮೇಲೇ ನಡೀತಾರೆ. ಇವರು ಬೇಕರಿಯವರ ಮಗ ಅಲ್ದಿದ್ರೆ ನನ್ನ ಕೆಲಸ ಬಿಡ್ತೀನಿ, ಬೆರಳ ಸಂದಿಲಿ ಮೈದಾಹಿಟ್ಟಿದೆ." ನಗುವೋ ನಗು. ಟೀಚರಮ್ಮ ಫೋನಿನಲ್ಲಿ ಫೋಟೋ ತೆಗೆಯುತ್ತಾ ಹಿಂದೆಯೇ ಬರುತ್ತಿದ್ದರು.

ಸಾಲಿನ ನಡುವೆ ಒಂದು ಜೊತೆ ಪಾದದ ಮುಂದೆ ಅವನು ನಿಂತುಬಿಟ್ಟ. ಹಿಮ್ಮಡಿಯ ಬದಿಯಲ್ಲಿ ಗುಳ್ಳೆ ಒಡೆದು ಒಣಗಿ, ಅದರ ಮೇಲೆ ಮತ್ತೆ ಗುಳ್ಳೆ ಎದ್ದಿತ್ತು. ಕಿರುಬೆರಳು ಪಕ್ಕದ ಬೆರಳಿನ ಕೆಳಗೆ ಮುದುಡಿ ಕೆಂಪಾಗಿತ್ತು. ಅವನಿಗೆ ನಿಜವಾಗಿಯೂ ಸಂಕಟವಾಯಿತು, ಸಂಕಟದ ಜೊತೆಗೇ ಸಿಟ್ಟು ಬಂತು. ಸಿಟ್ಟು ತೋರಿಸಿಕೊಳ್ಳಲು ಅಷ್ಟು ಜನ ಬೇರೆ ಇದ್ದರು.

"ನಗೋದು ಸಾಕು, ಇಲ್ಲಿ ನೋಡಿ," ಎಂದ ಎಲ್ಲರೂ ಕೇಳುವಂತೆ. "ತಿಂಗಳುಗಟ್ಟಲೆ ಬಿಗಿ ಶೂ ಹಾಕಿಸಿದಾರೆ ಈ ಮಗುಗೆ. ಯಾರ್ರೀ ಇದರ ಅಪ್ಪ ಅಮ್ಮ? ಇಲ್ಲೇ ಇದೀರಾ? ಮಗುನ ಕಣ್ಣೆತ್ತಿ ನೋಡೋಕೂ ಪುರುಸೊತ್ತಿಲ್ವಾ ನಿಮಗೆ?"

ಪರದೆಯ ಕೆಳಗಿನ ಆ ಬೆರಳುಗಳು ಇನ್ನಷ್ಟು ಮುದುಡಿಕೊಂಡವು, ಒಂದು ಪಾದ ಇನ್ನೊಂದರ ಹಿಂದೆ ಅಡಗಲು ನೋಡಿತು. ಶೂ ಅಂಕಲ್ ತಲೆಯಾಡಿಸುತ್ತಾ ಮುಂದೆ ಹೋಗಿ, ಕೊನೆಯಲ್ಲಿದ್ದ ದುಂಡುದುಂಡು ಪಾದಗಳ ಮುಂದೆ ಠೀವಿಯಿಂದ ನಿಂತ. "ಇದು ನನ್ನ ಮಗಳು. ಶೂ ಆರಿಸಿದ ಕೈ ಯಾವುದು ಅಂತ ಪಾದವೇ ಹೇಳ್ತಿದೆ."

ಪರದೆ ಸರಿಯಿತು. ದುಂಡು ಪಾದದ ಹುಡುಗಿ ಬೇರೆ ಯಾರೋ. ಅವಳು ಅವನನ್ನು ನೋಡಿ ಕಿಸಕ್ಕನೆ ನಕ್ಕಳು. ನಡುವಿನಲ್ಲಿ, ಒಂದು ಕಾಲನ್ನು ಇನ್ನೊಂದರ ಹಿಂದೆ ಅಡಗಿಸಿಕೊಂಡು ಗುಬ್ಬಿ ನಿಂತಿದ್ದಳು.

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನುತ್ತಾರಲ್ಲ, ಅವನಿಗೆ ಅಷ್ಟೂ ಅನ್ನಿಸಲಿಲ್ಲ, ತಲೆ ಖಾಲಿಯಾಗಿ ಕಿವಿಗಳು ಮಾತ್ರ ಸುಡುತ್ತಿದ್ದವು. ಮುಂದಿನ ಸಾಲಿನ ಅಮ್ಮಂದಿರು ಸೆರಗು ಸರಿಮಾಡಿಕೊಂಡರು. ಬೇಕರಿಯವರು ಛಾವಣಿಯ ಫ್ಯಾನು ನೋಡತೊಡಗಿದರು. ಅವರು ಒಂದು ಮಾತು ಚುಚ್ಚಿದ್ದರೂ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಆಗ ಗುಬ್ಬಿಯೇ ಬಾಯಿಬಿಟ್ಟಳು. "ಅಪ್ಪಂಗೆ ಗೊತ್ತಿತ್ತು ಮಿಸ್. ಬೇಕಂತಲೇ ತಪ್ಪು ಹೇಳಿದ್ದು. ನಮ್ಮಪ್ಪ ಯಾವಾಗ್ಲೂ ತಮಾಷೆ ಮಾಡ್ತಾರೆ."

ಎಲ್ಲರ ಉಸಿರೂ ಒಟ್ಟಿಗೆ ಸಡಿಲವಾಯಿತು. "ಅಯ್ಯೋ, ಏನ್ ಆಕ್ಟಿಂಗ್ ರೀ ನಿಮ್ಮದು! ನಾನಂತೂ ನಂಬೇಬಿಟ್ಟಿದ್ದೆ," ಎಂದರು ಬೇಕರಿಯವರು. ಹುಡುಗಿಯ ಮಾತು ನಂಬದವರೂ ನಕ್ಕರು. ಟೀಚರಮ್ಮ ಮಾತ್ರ ಒಮ್ಮೆ ಗುಬ್ಬಿಯ ಹಿಮ್ಮಡಿ ನೋಡಿ, ಒಮ್ಮೆ ಅವನ ಮುಖ ನೋಡಿ, ಮೆಲ್ಲಗೆ ಕೇಳಿದರು: "ಫಲಕಕ್ಕೆ ಹಾಗೇ ಬರೀಲಾ? ಶೂ ಅಂಕಲ್ ಬೇಕಂತಲೇ ಸೋತು ಎಲ್ಲರನ್ನೂ ನಗಿಸಿದ್ರು ಅಂತ?"

ಇಲ್ಲ ಎನ್ನಲು ಒಂದು ಗಳಿಗೆ ಇತ್ತು. ಅವನು ತಲೆಯಾಡಿಸಿ ಹ್ಞೂಂ ಎಂದ. ಮಗಳ ಕಾಲು ಗುರುತಿಸದೆ ಹೋದದ್ದು ಒಂದು, ಅವಳ ಸುಳ್ಳಿನ ಹಿಂದೆ ಬಚ್ಚಿಟ್ಟುಕೊಂಡದ್ದು ಇನ್ನೊಂದು. ಎರಡನೆಯದು ಅವನನ್ನು ಹೆಚ್ಚು ತಿಂದಿತು.

ಶಾಲೆಯಿಂದ ನೇರ ಅಂಗಡಿಗೆ ಕರೆದುಕೊಂಡು ಹೋದ. ದಾರಿಯಲ್ಲಿ ಅವಳು ನಡೆಯುವುದನ್ನು ನೋಡಿದ. ಹಿಮ್ಮಡಿ ಊರದೆ, ತುದಿಗಾಲಿನಲ್ಲಿ, ಆಟವಾಡುವವಳಂತೆ ನಡೆಯುತ್ತಿದ್ದಳು. ಎತ್ತಿಕೊಳ್ಳಲು ಹೋದರೆ, "ನಾನೇನು ಪಾಪುನಾ?" ಎಂದು ಕೊಸರಿಕೊಂಡಳು. ಯಾವತ್ತಿನಿಂದ ನೋಯುತ್ತಿದೆ ಎಂದು ಕೇಳಲು ಅವನಿಗೆ ಧೈರ್ಯ ಬರಲಿಲ್ಲ.

ಅಂಗಡಿಯಲ್ಲಿ ಮಾಲೀಕರು ಗಲ್ಲಾಪೆಟ್ಟಿಗೆಯಿಂದಲೇ, "ಏನಯ್ಯಾ, ರಜೆ ಹಾಕಿದವನು ಗಿರಾಕಿ ಕರ್ಕೊಂಡು ಬಂದಿದೀಯ?" ಎಂದರು. ಅವನು ನಗಲಿಲ್ಲ. ಗುಬ್ಬಿಯನ್ನು ಗಿರಾಕಿಗಳ ಬೆಂಚಿನ ಮೇಲೆ ಕೂರಿಸಿ ತಾನು ಗಿಡ್ಡ ಸ್ಟೂಲಿನ ಮೇಲೆ ಕೂತ. ಹಳೆಯ ಶೂ ಬಿಚ್ಚುವಾಗ ಕಾಲುಚೀಲ ಗಾಯಕ್ಕೆ ಅಂಟಿಕೊಂಡು ಬಂತು, ಅವಳು ತುಟಿ ಕಚ್ಚಿಕೊಂಡಳು. ಅಳತೆಯ ಹಲಗೆಯ ಮೇಲೆ ಆ ಪುಟ್ಟ ಪಾದ ಇಟ್ಟು ನೋಡಿದರೆ, ಅವಳು ತೊಡುತ್ತಿದ್ದುದಕ್ಕಿಂತ ಎರಡು ಅಳತೆ ದೊಡ್ಡದು.

ಏಣಿ ಹತ್ತಿ ಪೆಟ್ಟಿಗೆ ಇಳಿಸಿದ. ಒಳಗೆ ತುರುಕಿದ್ದ ಕಾಗದ ತೆಗೆದು, ಹೊಸ ಶೂ ತೊಡಿಸಿ, ಲೇಸು ಕಟ್ಟಿ, ಬಗ್ಗಿ ಹೆಬ್ಬೆರಳಿನಿಂದ ತುದಿ ಒತ್ತಿದ. ಎಷ್ಟು ಮಕ್ಕಳ ಮುಂದೆ ಹೀಗೆ ಬಗ್ಗಿದ್ದನೋ. ಯಾವ ಮಗುವನ್ನೂ ಕೇಳದವನು ಇವಳನ್ನು ಕೇಳಿದ: "ಹೇಗಿದೆ ಮಗಳೇ?"

ಗುಬ್ಬಿ ಸುತ್ತ ನೋಡಿದಳು. ಗೋಡೆಯುದ್ದಕ್ಕೂ ಪೆಟ್ಟಿಗೆಗಳು, ಗಲ್ಲಾದಲ್ಲಿ ಮಾಲೀಕರು, ಬಾಗಿಲಲ್ಲಿ ಯಾರೋ ಗಿರಾಕಿ. ಅಪ್ಪನ ಕಿವಿಯ ಹತ್ತಿರ ಬಗ್ಗಿ ಗುಟ್ಟಾಗಿ ಕೇಳಿದಳು.

"ಅಪ್ಪಾ, ಇಲ್ಲಿ ಶೂ ಮಾತು ಆಡಬಹುದಾ?"