ಇನ್ನೊಬ್ಬರು ಬೀಳಬೇಕಿದ್ದ ರಸ್ತೆ

“ನಾ ಕೈ ಎತ್ತಿದ್ನೆಂದ್ರ ಇಡೀ ಲಂಡನ್ ನಿಂದರತೈತಿ” ಎಂದು ವೀರಣ್ಣ ಹೇಳುತ್ತಿದ್ದ. ಹೇಳಿ ಮೀಸೆಯ ಮೇಲೆ ಬೆರಳಾಡಿಸುತ್ತಿದ್ದ. ಆ ಮೀಸೆಯ ಒಂದು ತುದಿ ಹೇಸ್‌ನಲ್ಲಿ ಇನ್ನೊಂದು ತುದಿ ಹೌನ್ಸ್ಲೋದಲ್ಲಿ. ನಡುವಿನದೇ ಅವನು ಬಸ್ಸು ಓಡಿಸುವ ದಾರಿ. ಊರಲ್ಲಿ ಧಾರವಾಡ-ಸವದತ್ತಿ ನಡುವೆ ಎಂಟು ವರ್ಷ, ಇಲ್ಲಿ ಬಂದ ಮೇಲೆ ಹನ್ನೊಂದು ವರ್ಷ ಸ್ಟಿಯರಿಂಗ್ ಹಿಡಿದ ಮನುಷ್ಯ. ಇಷ್ಟು ವರ್ಷದಲ್ಲಿ ಅವನ ಗಾಲಿ ಒಂದು ಇರುವೆಯ ಮೈಗೂ ತಾಗಿರಲಿಲ್ಲವಂತೆ. ಅವನು ಬ್ರೇಕು ಹಾಕಿದರೆ ಮೇಲಿನ ಅಂತಸ್ತಿನಲ್ಲಿ ತೂಕಡಿಸುವವರಿಗೆ ಬಸ್ಸು ನಿಂತ ಸಂಗತಿ ಮರುದಿನ ಗೊತ್ತಾಗುತ್ತಿತ್ತಂತೆ. ಹೆಂಡತಿ ರತ್ನವ್ವನಿಗೆ ಇದೆಲ್ಲ ಬಾಯಿಪಾಠವಾಗಿತ್ತು. ಅವಳು ನಂಬುತ್ತಾಳೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ.

ರತ್ನವ್ವನಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ಬೆಳಗಿನ ಏಳಕ್ಕೆ ಅಲ್ಲಿರಬೇಕು. ಆಸ್ಪತ್ರೆಗೆ ಹೋಗುವ ಬಸ್ಸಿನ ನಿಲ್ದಾಣ ಮನೆಯ ಎದುರಿಗೇ ಇತ್ತು. ಎದುರಿಗೆ ಅಂದರೆ ಕಣ್ಣಿಗೆ ಎದುರಿಗೆ. ಕಾಲಿಗೆ ಅದು ಬೇರೆ ದೇಶ. ನಡುವೆ ರಸ್ತೆ ಹರಿಯುತ್ತಿತ್ತು: ಹೋಗಲಿಕ್ಕೆ ಎರಡು ಸಾಲು, ಬರಲಿಕ್ಕೆ ಎರಡು ಸಾಲು, ನಟ್ಟನಡುವೆ ಒಂದು ಬಿಳಿ ಗೆರೆ. ಏರ್‌ಪೋರ್ಟಿಗೆ ತಡವಾದವರೆಲ್ಲ ತಮ್ಮ ವಿಮಾನಗಳನ್ನು ಆ ರಸ್ತೆಯಿಂದಲೇ ಹಾರಿಸುತ್ತಿದ್ದರು. ದಾಟಲೇಬೇಕೆನ್ನುವವರು ಅರ್ಧ ಮೈಲಿ ನಡೆದು ಒಂದು ಸುರಂಗದೊಳಗೆ ಇಳಿಯಬೇಕಿತ್ತು. ಅಲ್ಲಿನ ವಾಸನೆ ಎಂಥದೆಂದರೆ ಇಳಿದ ನಾಯಿಗಳು ಮೂಗು ಮುಚ್ಚಿಕೊಂಡು ಹಿಂಗಾಲಲ್ಲಿ ನಡೆದು ಬರುತ್ತಿದ್ದವು. ಬೆಳಗಿನ ಕತ್ತಲಲ್ಲಿ ಹೆಂಗಸು ಒಬ್ಬಳೇ ಅಲ್ಲಿ ಇಳಿಯುವ ಮಾತೇ ಇರಲಿಲ್ಲ.

ಆ ರಸ್ತೆಗೆ ಹಸಿವಿದೆ ಎಂದು ರತ್ನವ್ವನಿಗೆ ಯಾವಾಗ ಅನ್ನಿಸಿತೋ ಹೇಳಲಾಗದು. ಮೊದಮೊದಲು ಸಣ್ಣ ಸಣ್ಣ ತುತ್ತು. ಅಂಚಿನಲ್ಲಿ ಒಂದೊಂದು ದಿನ ಒಂದೇ ಒಂದು ಕೈಗವಸು ಬಿದ್ದಿರುತ್ತಿತ್ತು, ಒಂದು ದಿನ ಮುರಿದ ಕೊಡೆ, ಇನ್ನೊಂದು ದಿನ ಲೇಸು ಕಟ್ಟಿದ್ದ ಹಾಗೇ ಒಂಟಿ ಬೂಟು. ಕಟ್ಟಿದ ಬೂಟನ್ನು ಯಾರಾದರೂ ಕಳಚಿ ಹೋಗುತ್ತಾರೆಯೇ? ಅವಳು ಆ ಬೂಟನ್ನು ಮೂರು ದಿನ ನೋಡಿದಳು. ನಾಲ್ಕನೇ ದಿನ ಅದೂ ಇರಲಿಲ್ಲ.

ತೊಂಬತ್ತೇಳರ ಚಳಿಗಾಲದಲ್ಲಿ ರಸ್ತೆ ದೊಡ್ಡ ತುತ್ತಿಗೆ ಬಾಯಿ ಹಾಕಿತು. ಮೂಲೆಮನೆಯ ಐರಿಶ್ ಮುದುಕ ಪೇಪರು ತರಲು ಹೋದವನು ತಿರುಗಿ ಬರಲಿಲ್ಲ. ಅವನು ಬಿದ್ದ ಕಡೆ ದೀಪದ ಕಂಬಕ್ಕೆ ಯಾರೋ ಹೂವಿನ ಗೊಂಚಲು ಕಟ್ಟಿದರು, ಅದನ್ನು ಸುತ್ತಿದ್ದ ಪ್ಲಾಸ್ಟಿಕ್ಕು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಮರುವರ್ಷದ ವಸಂತದಲ್ಲಿ ಅಂಚೆಯವನ ಸೊಂಟ ಮುರಿಯಿತು. ಆ ದಿನ ಬೀದಿಯವರ ಕಾಗದಗಳನ್ನೆಲ್ಲ ಅವರಿಗಿಂತ ಮೊದಲು ಲಾರಿಯ ಗಾಲಿಗಳೇ ಓದಿದವು.

ಆಗ ರತ್ನವ್ವ, ದಾಟಲು ರಸ್ತೆಯ ಮೇಲೆ ಝೀಬ್ರಾ ಪಟ್ಟೆ ಬರೆಯಿರೆಂದು ಊರಿನ ಕೌನ್ಸಿಲ್‌ಗೆ ಅರ್ಜಿ ಬರೆಸಿದಳು. ಬರೆದುಕೊಟ್ಟವನು ಬೀದಿಯ ತುದಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಬೆಳಗಾವಿಯ ಶಂಕರ. ಅವನಿಗೂ ಅಂಜಿಕೆ ಇತ್ತು, ಅರ್ಧ ಗಿರಾಕಿಗಳು ಆಚೆ ದಂಡೆಯಲ್ಲೇ ಉಳಿದುಬಿಟ್ಟಿದ್ದರು. ಐವತ್ತೆರಡು ಸಹಿ ಬಿದ್ದವು. ಗಂಡನ ಮುಂದೆ ಕಾಗದ ಹಿಡಿದಾಗ ಅವನು ಪೆನ್ನು ಮುಟ್ಟಲಿಲ್ಲ. ಬಸ್ಸಿನವನ ಹೆಂಡತಿಯೇ ಬಸ್ಸಿಗೆ ಅಡ್ಡ ಹಾಕಿರೆಂದು ಬೇಡಿಕೊಂಡರೆ ಡಿಪೋದಲ್ಲಿ ತಾನು ಹೇಗೆ ಮುಖ ತೋರಿಸಲಿ ಎಂದ. ಝೀಬ್ರಾ, ಉಬ್ಬು, ಇದೆಲ್ಲ ಬ್ರೇಕು ಹಿಡಿಯಲು ಬಾರದವರ ಊರಿಗೆ ಬೇಕಾದದ್ದು ಎಂದ.

“ನಾ ಅದೀನಲ್ಲ. ನಿನಗ ಯಾಕ ಬೇಕ ಝೀಬ್ರಾ?”

ಅರ್ಜಿಗೆ ಉತ್ತರವಾಗಿ ಒಬ್ಬ ಹುಡುಗ ಅಧಿಕಾರಿ ಬಂದ, ಹಳದಿ ಜಾಕೀಟು ಹಾಕಿಕೊಂಡು, ಕೈಯಲ್ಲಿ ಹಲಗೆ ಹಿಡಿದುಕೊಂಡು. ಒಂದು ಮಂಗಳವಾರ ಹನ್ನೊಂದು ಗಂಟೆಯಿಂದ ಒಂದರವರೆಗೆ ನಿಂತು, ದಾಟಿದವರನ್ನು ಎಣಿಸಿದ. ಏಳು ಜನ. ಏಳೇ ಜನ ದಾಟುವ ಕಡೆ ಝೀಬ್ರಾ ಹೇಗೆ ಬರೆಯುವುದು ಎಂಬುದು ಅವನ ಕಷ್ಟ. ಹುಲಿಯ ಗವಿಯ ಮುಂದೆ ನಿಂತು ಮೇಕೆಗಳನ್ನು ಎಣಿಸಿ, ಇಲ್ಲಿ ಮೇಕೆಗಳೇ ಇಲ್ಲವಲ್ಲ, ಬೇಲಿ ಯಾಕೆ ಎಂದ ಹಾಗಾಯಿತು. ಹಾಗೆಂದು ಅವನು ಕೆಟ್ಟವನಲ್ಲ. ಶಂಕರನ ಅಂಗಡಿಯಲ್ಲಿ ಚಹಾ ಕುಡಿಯುತ್ತ, ಇನ್ನೊಂದು ದಾರಿಯೂ ಇದೆ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಮೂರು ವರ್ಷದಲ್ಲಿ ಒಂದೇ ಜಾಗದಲ್ಲಿ ಮೂರು ಜನಕ್ಕೆ ಪೆಟ್ಟಾದರೆ ಅದು ತಾನಾಗಿಯೇ ಝೀಬ್ರಾ ಬರೆಯಬೇಕಾದ ಜಾಗಗಳ ಪಟ್ಟಿಗೆ ಸೇರುತ್ತದೆ. ಸದ್ಯ ಪೊಲೀಸರ ಪುಸ್ತಕದಲ್ಲಿ ಇಬ್ಬರಿದ್ದಾರೆ.

ಶಂಕರ ಅದನ್ನು ಕನ್ನಡದಲ್ಲಿ ಹೇಳಿ ಮುಗಿಸಿದ ಮೇಲೆ ರತ್ನವ್ವ ಅವನ ಕಡೆ ತಿರುಗಿದಳು.

“ಕೇಳ್ರಿ ಅವನ್ನ. ಆ ಮೂರನೇದವ್ರು ಯಾರಂತ ಅವ್ರ ಹೇಳತಾರೇನು, ಇಲ್ಲಾ ನಾವ ಆರಿಸಿ ಕೊಡಬೇಕೇನು?”

ಶಂಕರ ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಹುಡುಗನ ಕಿವಿ ಕೆಂಪಾದವು. ಅವನು ಚಹಾ ಅರ್ಧಕ್ಕೇ ಬಿಟ್ಟು ಹೋದ.

ಅಂದಿನಿಂದ ಬೀದಿಯ ಗಾಳಿಯೇ ಬೇರೆಯಾಯಿತು. ಶಂಕರನ ಅಂಗಡಿಗೆ ಹಾಲು, ಬ್ರೆಡ್ಡು ಒಯ್ಯಲು ಬಂದವರು ಒಬ್ಬರ ಮುಖ ಒಬ್ಬರು ನೋಡುವರು. ಈತನೋ? ಕೋಲೂರಿಕೊಂಡು ಬರುವ ಆಕೆಯೋ? ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಹೊರಗೆ ಬ್ರೇಕು ಕಿರ್ರೆಂದಾಗ ಅಂಗಡಿಯೊಳಗಿನ ಎಲ್ಲ ಕೈಗಳೂ ಇದ್ದಲ್ಲೇ ನಿಲ್ಲುತ್ತಿದ್ದವು, ತಕ್ಕಡಿಯ ಮುಳ್ಳು ಸಹ ಅಲುಗುತ್ತಿರಲಿಲ್ಲ. ಆಮೇಲೆ ಗಾಡಿ ಮುಂದೆ ಹೋದ ಸದ್ದು. ಎಲ್ಲರೂ ಉಸಿರು ಬಿಡುವರು, ಸ್ವಲ್ಪ ನಾಚಿಕೆಯಿಂದ.

ವೀರಣ್ಣನಿಗೆ ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ ಪಾಳಿ. ಅವನು ಮಧ್ಯಾಹ್ನ ಹೋಗುವ ವಾರಗಳಲ್ಲಿ ರತ್ನವ್ವ ಒಬ್ಬಳೇ ದಾಟುತ್ತಿದ್ದಳು. ದಂಡೆಯಲ್ಲಿ ನಿಂತು ಬಲಕ್ಕೆ ನೋಡುವಳು, ಎಡಕ್ಕೆ ನೋಡುವಳು, ಮತ್ತೆ ಬಲಕ್ಕೆ. ಒಂದೊಂದು ದಿನ ಹತ್ತು ನಿಮಿಷ. ಅವಳು ನಿಂತ ಜಾಗದಲ್ಲಿ ಕಲ್ಲು ಸವೆದು ಎರಡು ಪಾದ ಮೂಡಿದ್ದವು ಎಂದು ಶಂಕರ ಆಣೆ ಮಾಡಿ ಹೇಳುತ್ತಿದ್ದ. ಆಮೇಲೆ ಕೋಟಿನ ಕೆಳಗಿನ ಸೀರೆಯ ನಿರಿಗೆ ಹಿಡಿದು, ಐವತ್ತರ ಹೆಂಗಸು ಹದಿನಾರರ ಹುಡುಗಿಯಂತೆ ಓಡುವಳು. ಒಂದು ದಿನವೂ ಕೂದಲು ಕೊಂಕಲಿಲ್ಲ.

ಬೆಳಗಿನ ಪಾಳಿಯ ವಾರಗಳು ಬೇರೆ. ಆರೂ ಹತ್ತಕ್ಕೆ ಸರಿಯಾಗಿ ವೀರಣ್ಣನ ಕೆಂಪು ಬಸ್ಸು ಅರಮನೆಯಂತೆ ದೀಪ ಉರಿಸಿಕೊಂಡು ಬರುವುದು. ಹೆಂಡತಿ ಚಳಿಯಲ್ಲಿ ದಂಡೆಯ ಮೇಲೆ ನಿಂತಿರುವಾಗ ಗಂಡ ಮುಖ ತಿರುಗಿಸಿಕೊಂಡು ಬಸ್ಸು ಓಡಿಸಿಕೊಂಡು ಹೋಗಲು ಉಂಟೇ? ನಿಲ್ದಾಣವಲ್ಲದಿದ್ದರೂ ನಿಲ್ಲಿಸುವನು. ಸವದತ್ತಿಯ ದಾರಿಯಲ್ಲಿ ತಲೆಯ ಮೇಲೆ ಹೊರೆ ಹೊತ್ತ ಮುದುಕಿಯರನ್ನು ದಾಟಿಸುತ್ತಿದ್ದ ಅದೇ ಠೀವಿಯಿಂದ ಕೈ ಎತ್ತಿ, ದಾಟು ಎಂದು ಬೀಸುವನು. ಹೀಗೆ ಕೈ ಬೀಸಕೂಡದು, ನಿನ್ನ ಹಿಂದಿನವನು ಏನು ಮಾಡುತ್ತಾನೋ ನಿನಗೆ ಗೊತ್ತಿಲ್ಲ ಎಂದು ಇಲ್ಲಿನ ತರಬೇತಿಯ ಮೊದಲ ದಿನವೇ ಹೇಳಿದ್ದರು. ಆ ದಿನ ವೀರಣ್ಣ ಮೀಸೆಯ ಯೋಚನೆಯಲ್ಲಿದ್ದ.

ರತ್ನವ್ವನಿಗೆ ಆ ಕೈ ಬೇಕಿರಲಿಲ್ಲ. ಬೇಡ ಎನ್ನುವ ಹಾಗಿಲ್ಲ. ನಲವತ್ತು ಜನ ನೋಡುತ್ತಿರುವಾಗ ಗಂಡ ಎತ್ತಿದ ಕೈಯನ್ನು ಹೆಂಡತಿ ಹಾಗೇ ಬಿಡುವುದೇ? ಅವಳು ಇಳಿಯುವಳು. ಗಂಡನ ಮುಂದೆ, ಗಂಡಸರು ತುಂಬಿದ ಬಸ್ಸಿನ ಮುಂದೆ ಹಾಯುವಾಗ ತಲೆಯ ಮೇಲೆ ಸೆರಗು ಎಳೆದುಕೊಂಡು, ಬಸ್ಸಿನ ಕಡೆಯ ಕೆನ್ನೆಗೆ ಮರೆ ಮಾಡಿಕೊಳ್ಳುವಳು. ಹುಟ್ಟಿದೂರಿನಲ್ಲಿ ಕಲಿತದ್ದು, ಕೈ ತಾನಾಗಿಯೇ ಮಾಡುತ್ತಿತ್ತು. ಬಸ್ಸು ಇದ್ದದ್ದು ಬಲಕ್ಕೆ. ಬಸ್ಸನ್ನು ಹಿಂದೆ ಹಾಕಿ ಬರುವ ಕಾರುಗಳು ಬರುವುದೂ ಬಲದಿಂದಲೇ.

ತೊಂಬತ್ತೊಂಬತ್ತರ ಜನವರಿ, ಒಂದು ಗುರುವಾರ. ರಾತ್ರಿಯ ಮಂಜು ನೆಲಕ್ಕೆ ಕಚ್ಚಿಕೊಂಡಿತ್ತು. ಬಸ್ಸು ಬಂತು, ನಿಂತಿತು, ಕೈ ಎದ್ದಿತು. ರತ್ನವ್ವ ಸೆರಗು ಎಳೆದುಕೊಂಡು ಇಳಿದಳು. ಬಸ್ಸಿನ ಮೂತಿಯ ನಡುವಿಗೆ ಬರುವ ಹೊತ್ತಿಗೆ ವೀರಣ್ಣನ ಬಲಗಡೆಯ ಕನ್ನಡಿಯಲ್ಲಿ ಎರಡು ದೀಪ ಬೆಳೆಯುತ್ತಿದ್ದವು. ಕೈ ಇನ್ನೂ ಗಾಳಿಯಲ್ಲೇ ಇತ್ತು. ಎತ್ತಿದ ಕೈಯನ್ನು ಇಳಿಸುವುದು ಹೇಗೆಂಬುದೇ ಅವನಿಗೆ ಆ ಗಳಿಗೆಯಲ್ಲಿ ಮರೆತುಹೋಯಿತು. ಗಾಜಿನೊಳಗಿಂದ ಕೂಗಿದ. ದೀಪ ಹಚ್ಚಿದ ಅರಮನೆಯೊಳಗಿನ ಕೂಗು ಹೊರಗಿನ ಕತ್ತಲೆಗೆ ಕೇಳುವುದಿಲ್ಲ.

ಸದ್ದು ದೊಡ್ಡದೇನೂ ಇರಲಿಲ್ಲ. ಬುತ್ತಿಯ ಡಬ್ಬಿ ರಸ್ತೆಯ ಮೇಲೆ ಬಹಳ ದೂರ ಉರುಳಿಕೊಂಡು ಹೋಯಿತು, ಎಲ್ಲರೂ ಕೇಳಿದ್ದು ಅದನ್ನೇ.

ಕಾರಿನವನು ನಿಂತ. ಏರ್‌ಪೋರ್ಟಿಗೆ ಹೋಗುತ್ತಿದ್ದ ಯಾರೋ. ಬಸ್ಸು ಯಾಕೆ ನಿಂತಿದೆಯೆಂದು ತನಗೆ ತಿಳಿಯಲಿಲ್ಲ ಎಂದು ಮತ್ತೆ ಮತ್ತೆ ಹೇಳಿದ. ಅವನು ಹೇಳಿದ್ದು ನಿಜವೇ. ಅಲ್ಲಿ ಬಸ್ಸು ನಿಲ್ಲಲು ಕಾರಣವೇ ಇರಲಿಲ್ಲ.

ರತ್ನವ್ವನ ಬಲಗಾಲು ಎರಡು ಕಡೆ ಮುರಿದಿತ್ತು. ಹನ್ನೊಂದು ವಾರ ಅವಳು ತನ್ನದೇ ಆಸ್ಪತ್ರೆಯಲ್ಲಿ ಮಲಗಿ, ತಾನು ಇಷ್ಟು ವರ್ಷ ಮಂದಿಗೆ ಕುಡಿಸಿದ ಸೂಪನ್ನು ತಾನೇ ಕುಡಿದಳು. ಅದು ಎಂಥ ಸೂಪೆಂದರೆ ಮುರಿದ ಎಲುಬು ಕೂಡುವುದೇ ಅದರಿಂದ ತಪ್ಪಿಸಿಕೊಂಡು ಬೇಗ ಮನೆಗೆ ಹೋಗಲಿಕ್ಕೆ. ಪೊಲೀಸರು ಬಂದು ಕೇಳಿದ್ದಕ್ಕೆಲ್ಲ ಶಂಕರನ ಬಾಯಿಂದ ಉತ್ತರ ಕೊಟ್ಟಳು. ಕೊನೆಗೆ ತಾನೂ ಒಂದು ಕೇಳಿದಳು: ನನ್ನ ಹೆಸರು ಪುಸ್ತಕದಲ್ಲಿ ಬರೆದುಕೊಂಡಿರಾ? ಬರೆದಿದ್ದೇವೆ ಎಂದರು. ಅಂಗಡಿಯಲ್ಲಿ ಶಂಕರ ಆ ಸುದ್ದಿ ಹೇಳಿದಾಗ ಬೀದಿಯವರು ತಲೆ ತಗ್ಗಿಸಿ ನಿಂತರು, ದುಃಖವಿತ್ತು, ತಾವು ಅಲ್ಲ ಎಂಬ ಸಮಾಧಾನವೂ ಇತ್ತು.

ವೀರಣ್ಣ ದಿನಾಲು ಬಂದು ಹಾಸಿಗೆಯ ಪಕ್ಕ ಕೂರುತ್ತಿದ್ದ. ಮೀಸೆ ಎರಡೂ ಕಡೆ ಇಳಿದು ಒದ್ದೆ ಬಟ್ಟೆಯಂತಾಗಿತ್ತು. ಒಂದು ದಿನ ಜೇಬಿನಿಂದ ಡಿಪೋದ ಕಾಗದ ತೆಗೆದು ಅವಳ ಕೈಗೆ ಕೊಟ್ಟ. ಬಸ್ಸು ಯಾರಿಗೂ ತಾಗಿಲ್ಲ, ಚಾಲಕನ ದಾಖಲೆ ಹಿಂದಿನಂತೆಯೇ ಶುದ್ಧವಾಗಿದೆ ಎಂದು ಅದರಲ್ಲಿತ್ತು. ಯಾಕೆ ತಂದೆನೆಂದು ಅವನಿಗೇ ಗೊತ್ತಿರಲಿಲ್ಲ. ಬಹುಶಃ ಅದನ್ನು ಯಾರಾದರೂ ಹರಿದು ಹಾಕಲಿ ಎಂದಿರಬೇಕು.

ರತ್ನವ್ವ ಅಕ್ಷರ ಕೂಡಿಸಿ ಕೂಡಿಸಿ ಅದನ್ನು ಎರಡು ಸಲ ಓದಿದಳು. ಮಡಚಿ ತಿರುಗಿ ಕೊಟ್ಟಳು.

“ಛಲೋ ಆತು ಬಿಡ್ರಿ. ಬಸ್ಸಿಗೇನೂ ಆಗಿಲ್ಲಲ್ಲ.”

ಅವನು ಹೊರಗೆ ಹೋಗಿ ಕಾರಿಡಾರಿನಲ್ಲಿ ಬಹಳ ಹೊತ್ತು ನಿಂತಿದ್ದ. ಆಮೇಲೆ ಕೈ ಎತ್ತಿದರೆ ಲಂಡನ್ ನಿಲ್ಲುವ ಮಾತನ್ನು ಅವನ ಬಾಯಿಂದ ಯಾರೂ ಕೇಳಲಿಲ್ಲ.

ಬೇಸಿಗೆಯಲ್ಲಿ ಶಾಲೆಯ ಹಾಲ್‌ನಲ್ಲಿ ಸಭೆ ನಡೆಯಿತು. ಅದೇ ಹುಡುಗ ಅಧಿಕಾರಿ ಈ ಸಲ ಗೋಡೆಗೆ ದೊಡ್ಡ ನಕ್ಷೆ ಅಂಟಿಸಿದ್ದ. ಫುಟ್‌ಪಾತನ್ನು ರಸ್ತೆಯೊಳಕ್ಕೆ ಬೆಳೆಸಿ, ಆ ಜಾಗದಲ್ಲಿ ಒಂದೊಂದು ದಿಕ್ಕಿಗೆ ಒಂದೊಂದೇ ಸಾಲು ಉಳಿಸುವುದು, ನಡುವೆ ನಿಲ್ಲಲು ದ್ವೀಪ, ಝೀಬ್ರಾ, ಮಿನುಗುವ ಹಳದಿ ದೀಪ. ನಿಂತ ಬಸ್ಸನ್ನು ಇನ್ನು ಯಾವ ಕಾರಿಗೂ ಅಲ್ಲಿ ಹಿಂದೆ ಹಾಕಲಾಗದು. ಹಿಂದಿನ ಸಾಲಿನಿಂದ ಯಾರೋ ಎದ್ದು, ಇದರಿಂದ ಬಸ್ಸುಗಳು ತಡವಾಗುತ್ತವೆ, ಬಸ್ಸಿನವರನ್ನು ಕೇಳಿದ್ದೀರಾ ಎಂದರು. ಎಲ್ಲರೂ ವೀರಣ್ಣನ ಕಡೆ ತಿರುಗಿದರು. ಅವನು ಎದ್ದು ನಿಂತು, ಎರಡು ನಿಮಿಷ ತಡವಾಗುತ್ತದೆ, ಆಗಲಿ ಎಂದಷ್ಟೇ ಹೇಳಿದ. ಮುಂದೆ ಬಂದು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ. ಆ ಸಹಿ ಒತ್ತಿದ ರಭಸಕ್ಕೆ ಕೆಳಗಿನ ಮೇಜಿನ ಮೇಲೂ ಅವನ ಹೆಸರು ಮೂಡಿತು.

ಎರಡು ಸಾವಿರದ ಅಕ್ಟೋಬರಿನಲ್ಲಿ ರಸ್ತೆಯ ಕೆಲಸ ಮುಗಿಯಿತು. ಕಾಲು ಊರುವಷ್ಟಾಗಲು ರತ್ನವ್ವನಿಗೂ ಅಷ್ಟೇ ದಿನ ಹಿಡಿಯಿತು. ಅವಳು ಕೆಲಸಕ್ಕೆ ಮರಳಿದ ಮೊದಲ ಬೆಳಿಗ್ಗೆ ವೀರಣ್ಣನದು ಬೆಳಗಿನ ಪಾಳಿ. ಆರೂ ಹತ್ತಕ್ಕೆ ಬಸ್ಸು ಬಂದು ಝೀಬ್ರಾದ ಮುಂದೆ ನಿಂತಿತು. ಹಳದಿ ದೀಪ ಅವನ ಮುಖದ ಮೇಲೆ ಬಂದು ಬಂದು ಹೋಗುತ್ತಿತ್ತು. ಎರಡೂ ಕೈಯಲ್ಲಿ ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

ರತ್ನವ್ವ ಊರುಗೋಲಿನ ಮೇಲೆ ಭಾರ ಹಾಕಿ ದಂಡೆಯ ಮೇಲೆ ನಿಂತಳು. ಬಲಕ್ಕೆ ನೋಡಿದಳು. ಬಸ್ಸಿನ ಆಚೆ ಮಗ್ಗುಲಿನಲ್ಲಿ ಏನಿದೆಯೆಂದು ಕತ್ತು ಚಾಚಿ ನೋಡಿದಳು. ಎಡಕ್ಕೆ ನೋಡಿದಳು. ಮತ್ತೆ ಬಲಕ್ಕೆ. ಇಳಿಯಲಿಲ್ಲ. ವೀರಣ್ಣ ತನ್ನ ಕನ್ನಡಿ ನೋಡಿದ. ಅದರಲ್ಲಿ ಏನೂ ಇರಲಿಲ್ಲ. ಮತ್ತೆ ನೋಡಿದ. ಏನೂ ಇಲ್ಲದ ಆ ಕತ್ತಲೆಯನ್ನು ಇನ್ನೊಂದು ಗಳಿಗೆ ನೋಡುವ ಶಕ್ತಿ ಅವನಲ್ಲಿರಲಿಲ್ಲ. ಬಾಗಿಲು ತೆರೆದು ಕರೆದ.

“ಲಗೂನ ದಾಟ, ರತ್ನಾ. ನಲವತ್ತು ಮಂದಿ ಕಾಯಾಕತ್ತಾರ.”

ರತ್ನವ್ವ ಅವನ ಕಡೆ ತಿರುಗಲಿಲ್ಲ. ರಸ್ತೆಯ ಮೇಲಿಟ್ಟ ಕಣ್ಣನ್ನು ಅಲ್ಲೇ ಇಟ್ಟುಕೊಂಡು ಹೇಳಿದಳು:

“ಕಾಯ್ಲಿ ಬಿಡ್ರಿ. ಬಸ್ಸಿನ್ಯಾಗ ಕುಂತು ಕಾದವರ ಕಾಲು ಇಲ್ಲೀತನಕಾ ಒಂದೂ ಮುರದಿಲ್ಲ.”