ಬುಧವಾರ ಹೊರಟು ಬುಧವಾರವೇ ಇಳಿಯುವ ಲೆಕ್ಕ

ಬಸವನಗುಡಿಯಲ್ಲಿ ನನ್ನಷ್ಟು ಸೊಗಸಾಗಿ ಸುಳ್ಳು ಹೇಳುವವರು ಯಾರೂ ಇಲ್ಲ. ಜಂಬವಲ್ಲ, ಎನ್.ಆರ್. ಕಾಲೋನಿಯ ನನ್ನ ಗೆಳೆಯನನ್ನೇ ಕೇಳಿ. ಸಂಪಿಗೆ ರಸ್ತೆಯಲ್ಲಿ ಹೊಸ ಪಂಚಾಂಗ ಪುಕ್ಕಟೆ ಹಂಚುತ್ತಿದ್ದಾರೆಂದು ನಾನು ಹೇಳಿದ್ದಕ್ಕೆ, ಅವನು ಎರಡು ಬಸ್ಸು ಬದಲಿಸಿ ಮಲ್ಲೇಶ್ವರಕ್ಕೆ ಹೋಗಿ ಬರಿಗೈಯಲ್ಲಿ ಬಂದ. ಅಂದಿನಿಂದ ನಾನು ಮಳೆ ಬರುತ್ತಿದೆ ಎಂದರೂ ಕಿಟಕಿಯಿಂದ ಕೈಚಾಚಿ ನೋಡುತ್ತಾನೆ.

ಕಳೆದ ವರ್ಷ ಅವನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಭಾವಮೈದನ ಮಗಳ ಮದುವೆಗೆ ಹೊರಡುವವನಿದ್ದ. ವಾಪಸಾದ ಕೂಡಲೇ ಗುರುವಾರ ಅವನ ಅಪ್ಪನ ಶ್ರಾದ್ಧ. ಅದನ್ನು ಒಂದು ವರ್ಷವೂ ತಪ್ಪಿಸಿದವನಲ್ಲ. ವಾಪಸು ಬರುವ ಟಿಕೆಟ್ ತೆಗೆಯುವವನು ಭಾವಮೈದ. ಯಾವ ದಿನಕ್ಕೆಂದು, ನಾನು ಗೆಳೆಯನ ಮನೆಗೆ ಹೋಗಿದ್ದ ದಿನ ಸಂಜೆಯೊಳಗೆ ಫೋನಿನಲ್ಲಿ ಹೇಳಬೇಕಿತ್ತು.

"ಬುಧವಾರ ಬೆಳಗ್ಗೆ ಅಲ್ಲಿಂದ ಹೊರಡ್ತೀನಿ, ರಾತ್ರಿ ಇಲ್ಲಿರ್ತೀನಿ," ಎಂದ.

"ಲೋ, ಹದಿನಾಲ್ಕು ಸಾವಿರ ಕಿಲೋಮೀಟರು ಕಣೋ. ನೀನು ಇಳಿಯೋದು ಗುರುವಾರ ಸಂಜೆ."

ಅವನ ಕಣ್ಣು ಕಿರಿದಾಯಿತು. "ಹೋಗುವಾಗ ಮಧ್ಯಾಹ್ನ ಹೊರಟ್ರೆ ಅದೇ ದಿನ ಸಂಜೆ ಅಲ್ಲಿಳೀತೀನಂತೆ. ಬರೋದೂ ಅದೇ ದಾರಿ ತಾನೆ?"

"ಹೋಗ್ವಾಗ ಅವರ ಗಡಿಯಾರ ಹಿಂದಿರತ್ತೆ, ಅದಕ್ಕೆ ಹಾಗನ್ಸತ್ತೆ. ಹದಿನೇಳು ಗಂಟೆ ಕೂತಿರ್ಲೇಬೇಕು. ಬರ್ವಾಗ ನಮ್ಮ ಗಡಿಯಾರ ಮುಂದೆ ಓಡಿರತ್ತೆ."

"ಗಡಿಯಾರ ಓಡತ್ತಂತೆ! ನನಗೆ ಲೆಕ್ಕ ಹೇಳಿಕೊಡ್ತೀಯ?" ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಆಯುಷ್ಯವಿಡೀ ಲೆಕ್ಕ ಬರೆದವನು ಅವನು.

ಅವನ ಹೆಂಡತಿ ಕಾಫಿ ತಂದಿಟ್ಟು, "ಏನಣ್ಣಾ, ಅವರ ಅಪ್ಪನ ವಿಷಯದಲ್ಲೂ ತಮಾಷೆನಾ?" ಎಂದರು. ನಿಜ ಹೇಳಿ ಬೈಸಿಕೊಂಡದ್ದು ನನಗೆ ಅದೇ ಮೊದಲು. ಹೊಸ ಅನುಭವ, ಅಷ್ಟೇನೂ ಚೆನ್ನಾಗಿರಲಿಲ್ಲ.

ಗೆಳೆಯ ಫೋನು ಕೈಗೆತ್ತಿಕೊಂಡ. ಇನ್ನು ನಿಜವನ್ನು ನಂಬಿ ಕೂತರೆ ಶ್ರಾದ್ಧ ಕೈತಪ್ಪುತ್ತದೆ ಎನಿಸಿತು. ಮುಖವನ್ನು ಆದಷ್ಟು ಸಾಧುವಾಗಿ ಮಾಡಿಕೊಂಡೆ.

"ಹೋಗ್ಲಿ ಬಿಡಪ್ಪ, ನೀನೇ ಸರಿ. ಬುಧವಾರವೇ ಹೊರಡು. ಆರಾಮಾಗಿ ರಾತ್ರಿ ಊಟಕ್ಕೆ ಮನೇಲಿರ್ತೀಯ. ನನ್ನಾಣೆಗೂ."

ಅವನ ಬೆರಳು ಅಲ್ಲೇ ನಿಂತಿತು. ನನ್ನನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಇವನು ಯಾಕೆ ಒಪ್ಕೊಂಡ?" ಎಂದು ಆಕೆಯನ್ನು ಕೇಳಿದ.

"ಆಣೆ ಬೇರೆ ಇಟ್ಟರಲ್ಲ," ಎಂದರು ಆಕೆ, ಇನ್ನೂ ಅನುಮಾನದಿಂದ.

ಫೋನಿನಲ್ಲಿ ಅವನ ದನಿ ಬೀದಿಗೆಲ್ಲ ಕೇಳಿಸಿತು: "ಸೋಮವಾರ ಬೆಳಗ್ಗೆಗೇ ತೆಗಿಯಪ್ಪ. ಹೂಂ, ಬುಧವಾರ ಬೇಡವೇ ಬೇಡ. ಇಲ್ಲೊಬ್ಬ ಏನೋ ಹುನ್ನಾರ ಮಾಡ್ತಿದಾನೆ."

ನಾನು ಕಾಫಿ ಕುಡಿದು, ಬೇಜಾರಾದವನಂತೆ ಎದ್ದು ಬಂದೆ.

ಅವನು ಮಂಗಳವಾರ ಸಂಜೆ ಬೆಂಗಳೂರಿನಲ್ಲಿ ಇಳಿದ. ಗುರುವಾರ ಶ್ರಾದ್ಧ ಸಾಂಗವಾಗಿ ನಡೆಯಿತು. ಪುರೋಹಿತರ ಊಟ ಮುಗಿದ ಮೇಲೆ ನನ್ನನ್ನೂ ಎಲೆಗೆ ಕೂರಿಸಿ, ತಾನೇ ವಡೆ ಬಡಿಸಿದ. ಸೋಮವಾರ ಹೊರಟು ಮಂಗಳವಾರ ಇಳಿದಿದ್ದಾನೆ, ಈಗಲಾದರೂ ಬುದ್ಧಿ ಬಂದಿರುತ್ತದೆಂದು ಕಾದೆ.

ಅವನು ನನ್ನ ಎಲೆಯ ಮೇಲೆ ಬಗ್ಗಿ ಮೆಲ್ಲಗೆ ಹೇಳಿದ: "ವಿಮಾನ ಒಂದಿನ ಲೇಟು ಕಣೋ. ನಿನಗೆ ಅದು ಮೊದಲೇ ಗೊತ್ತಿತ್ತು, ಅಲ್ವಾ?"