ಚಲೋ ಎಂದಳೋ, ಚಾಲೋ ಎಂದಳೋ

ಸೋದರತ್ತೆಯ ದನಿ ಈಗ ನನ್ನ ಫೋನಿನಲ್ಲಿ ಮಾತ್ರ ಉಳಿದಿದೆ. ಅತ್ತೆ ಇದ್ದಾಳೆ. ಸೂರತ್ತಿನಲ್ಲಿ ಮಗಳ ಮನೆಯ ಕಿಟಕಿಯ ಪಕ್ಕ, ಕೈಯಿರುವ ಕುರ್ಚಿಯಲ್ಲಿ ಕೂತಿರುತ್ತಾಳೆ. ಲಕ್ವ ಹೊಡೆದ ಮೇಲೆ ಬಲಗೈ ಸೋತಿತು, ಮಾತು ಹೋಯಿತು. ನಾವು ಹೇಳಿದ್ದರಲ್ಲಿ ಆಕೆಗೆ ಎಷ್ಟು ತಿಳಿಯುತ್ತದೆ ಎಂಬುದನ್ನು ಡಾಕ್ಟರೂ ಖಚಿತವಾಗಿ ಹೇಳುವುದಿಲ್ಲ. ಲಕ್ವ ಹೊಡೆಯುವ ಕೆಲವು ದಿನ ಮೊದಲು ಆಕೆ ಕಳಿಸಿದ ಒಂದು ವಾಯ್ಸ್ ಮೆಸೇಜ್ ನನ್ನ ಹತ್ತಿರವಿದೆ. ಅದಕ್ಕೂ ಹಿಂದಿನವು ಹಳೆಯ ಫೋನಿನ ಜೊತೆಗೇ ಹೋದವು.

ಆಗ ಆಕೆ ವಡೋದರಾದ ಫ್ಲ್ಯಾಟಿನಲ್ಲಿದ್ದಳು. ತಲೆ ಸುತ್ತುತ್ತದೆ ಎಂದು ಮಗಳ ಹತ್ತಿರ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ನಾನು ಅಹಮದಾಬಾದಿನಿಂದ "ಅತ್ತಿ, ಈಗ ಹೆಂಗಿದ್ದಿ?" ಎಂದು ಬರೆದು ಕಳಿಸಿದೆ. ಅದಕ್ಕೆ ಬಂದ ಉತ್ತರ ಇದು:

"ಏ ಹುಡುಗಿ, ಶೇಂಗಾ ಚಟ್ನಿಪುಡಿ ಕುಟ್ಟಿಟ್ಟೇನಿ. ಆ ಕಡೆ ಯಾರರೆ ಹೊಂಟ್ರ ಕಳಸ್ತೇನಿ. ಡಬ್ಬಿ ಮಾತ್ರ ತಿರುಗಿ ಕೊಡು ನಮ್ಮವ್ವಾ. ನನ್ನ ಡಬ್ಬಿ ಎಲ್ಲಾ ನಿನ್ನ ಮನ್ಯಾಗ ಸಂಸಾರ ಹೂಡ್ಯಾವು..."

ಇಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತದೆ. ಅದರ ಅಡಿಯಲ್ಲಿ ಒಂದೆರಡು ಅಕ್ಷರ ಮುಳುಗುತ್ತವೆ. ಆಮೇಲೆ ಒಂದೇ ಒಂದು ಮಾತು, ಅಷ್ಟಕ್ಕೇ ಮುಗಿಯುತ್ತದೆ.

ಆ ಕೊನೆಯ ಮಾತು ಚಲೋ ಇರಬಹುದು, ಚಾಲೋ ಇರಬಹುದು. ನಮ್ಮ ಧಾರವಾಡದ ಕಡೆ ಚಲೋ ಎಂದರೆ ಒಳ್ಳೆಯದು, ಸುಖವಾಗಿರುವುದು. ಗುಜರಾತಿಯಲ್ಲಿ ಚಾಲೋ ಎಂದರೆ ಹೊರಡೋಣ. ಫೋನಿನಲ್ಲಾದರೆ, ಆಯಿತು, ಇಡುತ್ತೇನೆ. ಮೊದಲನೆಯದಾದರೆ ಆಕೆ ನನ್ನ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾಳೆ: ಅಂದು ಆರಾಮಿದ್ದಳು, ಅಥವಾ ನಾನು ಹಾಗೆ ತಿಳಿಯಲಿ ಎಂದು ಬಯಸಿದ್ದಳು. ಎರಡನೆಯದಾದರೆ ನನ್ನ ಪ್ರಶ್ನೆ ಹಾಗೇ ಉಳಿದಿದೆ. ಈಗ ಕೇಳಿ ತಿಳಿದುಕೊಳ್ಳುವ ದಾರಿಯಿಲ್ಲ.

ಈ ಎರಡು ಮಾತುಗಳು ನಮ್ಮಲ್ಲಿ ಹಳೆಯ ನಗೆ. ಅತ್ತೆ ಮದುವೆಯಾಗಿ ವಡೋದರಾ ಹತ್ತಿರದ ಕೊಯಾಲಿಯ ರಿಫೈನರಿ ಟೌನ್‌ಶಿಪ್ಪಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯಾಕೆ ಚೀಲ ಹಿಡಿದು ಬಾಗಿಲಲ್ಲಿ ನಿಂತು "ಚಾಲೋ, ಚಾಲೋ" ಎಂದಳಂತೆ, ತರಕಾರಿಗೆ ಹೋಗೋಣ ಎಂದು. ಮನೆಯನ್ನು ಹೊಗಳುತ್ತಿದ್ದಾಳೆ ಎಂದುಕೊಂಡ ಅತ್ತೆ "ಹೌದ್ರಿ, ಭಾಳ ಚಲೋ ಅದ, ಗಾಳಿ ಬೆಳಕು ಎಲ್ಲಾ ಅದ" ಎನ್ನುತ್ತ ಆಕೆಯನ್ನು ಒಳಗೆ ಕರೆದು ಅಡುಗೆಮನೆ, ಬಚ್ಚಲು ಎಲ್ಲ ತೋರಿಸಿದಳಂತೆ. ನಾನು ವಡೋದರಾದಲ್ಲಿ ಎಂ.ಎ. ಓದುವಾಗ ಶನಿವಾರ ಅವರ ಮನೆಗೆ ಹೋಗುತ್ತಿದ್ದೆ. ಮಾವ ಊಟಕ್ಕೆ ಕೂತರೆ ಈ ಕತೆ ತೆಗೆಯುತ್ತಿದ್ದರು.

"ಸುಳ್ಳ ಹೇಳ್ತಾರ ನಿಮ್ಮ ಮಾವ. ಬಚ್ಚಲಾ ತೋರ್ಸಿಲ್ಲ ನಾ," ಎನ್ನುತ್ತಿದ್ದಳು ಅತ್ತೆ. ಉಳಿದದ್ದನ್ನು ಅಲ್ಲಗಳೆಯುತ್ತಿರಲಿಲ್ಲ.

ಆ ನೆರೆಯಾಕೆಯ ಚೀಲ ನನ್ನ ಕಣ್ಣಿಗೆ ಹಸಿರಾಗಿ ಕಾಣುತ್ತದೆ. ಬಣ್ಣವನ್ನು ಯಾರೂ ಹೇಳಿದ್ದಿಲ್ಲ, ನಾನಿನ್ನೂ ಹುಟ್ಟಿರಲಿಲ್ಲ. ಇಂಥ ನೆನಪಿರುವವಳು ಒಂದು ಅಕ್ಷರ ಹ್ರಸ್ವವೋ ದೀರ್ಘವೋ ಎಂದು ಹೇಳಲು ಹೊರಟರೆ ಯಾರು ನಂಬಬೇಕು?

ಮೊದಲು ಫೋನಿನ ಸ್ಪೀಕರಿನಲ್ಲಿ ಕೇಳುತ್ತಿದ್ದೆ. ಆಮೇಲೆ ಕಿವಿಯೊಳಗೆ ಹೋಗುವ ವೈರಿನ ಇಯರ್‌ಫೋನ್ ತಂದೆ. ಅಹಮದಾಬಾದಿನ ಬೋಪಾಲ್ ಬಡಾವಣೆಯ ನನ್ನ ಮನೆಯಲ್ಲಿ, ಸ್ಯಾಟಲೈಟ್ ಬಡಾವಣೆಯ ಆಫೀಸಿನಲ್ಲಿ, ಬಿಡುವಾದಾಗಲೆಲ್ಲ ಅದೇ ಕೆಲಸ. ದನಿ ತಗಡಿನ ಮೇಲೆ ಬೆರಳು ಬಾರಿಸಿದಂತೆ ತೆಳ್ಳಗಿತ್ತು. ಸ್ಪಷ್ಟವಾಗಲಿ ಎಂದು ವಾಲ್ಯೂಮ್ ಏರಿಸುತ್ತಿದ್ದೆ. ಒಂದು ಮಧ್ಯಾಹ್ನ ಪಕ್ಕದ ಮೇಜಿನ ಸಹೋದ್ಯೋಗಿ ನನ್ನ ಕಡೆ ತಿರುಗಿದರು. ಅವರು ಗುಜರಾತಿನವರು, ಊಟದ ಬಿಡುವಿನಲ್ಲಿ ಕಣ್ಣು ಮುಚ್ಚಿ ತಬಲಾ ಕೇಳುವವರು. ನಮ್ಮಿಬ್ಬರ ಮಾತು ಹಿಂದಿಯಲ್ಲಿ. ಅಕ್ಕ ಎನ್ನಲು ಮಾತ್ರ ಅವರು ಗುಜರಾತಿಯ 'ಬೆನ್' ಬಳಸುತ್ತಾರೆ.

"ಬೆನ್, ನಿಮ್ಮ ಇಯರ್‌ಫೋನಿನ ಹೆಂಗಸು ಮಾತಾಡೋದು ನನಗೇ ಕೇಳಿಸ್ತಿದೆ. ನಿಮಗೆ ಕೇಳಿಸ್ತಿದೆಯಾ?"

"ಇಲ್ಲ, ಅದಕ್ಕೇ ವಾಲ್ಯೂಮ್ ಏರಿಸಿದ್ದೇನೆ."

"ಏರಿಸಿದರೆ ಕಿವುಡಾಗ್ತೀರಿ, ಅಷ್ಟೇ. ಅದು ಕಿವಿ ಒಳಗೆ ಹೋಗೇ ಇಲ್ಲ. ಬಾಗಿಲಾಚೆ ಚಪ್ಪಲಿ ಬಿಡೋ ಜಾಗದಲ್ಲಿ ಕೂತಿದೆ. ಜೊತೆಗೆ ಬೇರೆ ಅಳತೆಯ ರಬ್ಬರ್ ಟಿಪ್ ಕೊಟ್ಟಿದ್ದರಲ್ಲ, ಎಲ್ಲಿ?"

"ಎಸೆದಿರಬೇಕು."

"ಎಲ್ಲರೂ ಎಸೀತಾರೆ. ಚಪ್ಪಲಿ ಅಂಗಡಿಯವನು ಎಲ್ಲರಿಗೂ ಒಂದೇ ಅಳತೆ ಕೊಟ್ಟರೆ ಮಾತ್ರ ಜಗಳ."

ಮರುದಿನ ರಬ್ಬರಿನವು, ಸ್ಪಂಜಿನವು, ಸಣ್ಣವು, ದೊಡ್ಡವು ಎಂದು ಒಂದು ರಾಶಿ ಟಿಪ್ ತಂದೆ. ನನ್ನ ಎಡಗಿವಿಯ ರಂಧ್ರ ಬಲಗಿವಿಗಿಂತ ದೊಡ್ಡದು ಎಂದು ಇಷ್ಟು ವರ್ಷಕ್ಕೆ ಗೊತ್ತಾಯಿತು. ಸಹೋದ್ಯೋಗಿ ಕೂಡಿಸುವ ಕ್ರಮ ಹೇಳಿಕೊಟ್ಟರು. ಒಂದು ಕೈಯನ್ನು ತಲೆಯ ಮೇಲಿಂದ ತಂದು ಆಚೆಯ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆಯಬೇಕು, ಬಾಯಿ ಸ್ವಲ್ಪ ತೆರೆಯಬೇಕು, ಟಿಪ್ಪನ್ನು ತುಸು ತಿರುಗಿಸುತ್ತ ಒಳಗೆ ಬಿಡಬೇಕು. ಸ್ಪಂಜಿನದಾದರೆ ಮೊದಲು ಬೆರಳಲ್ಲಿ ಬತ್ತಿಯಂತೆ ಹೊಸೆದು, ಒಳಗಿಟ್ಟ ಮೇಲೆ ಅದು ಉಬ್ಬಿಕೊಳ್ಳುವವರೆಗೆ ಒತ್ತಿ ಹಿಡಿದಿರಬೇಕು. ಒತ್ತಿ ಎಂದರೆ ತುರುಕುವುದಲ್ಲ. ನೋವಾದರೆ ಅಳತೆ ತಪ್ಪು. ಸರಿಯಾಗಿ ಕೂತರೆ ಫ್ಯಾನಿನ ಸದ್ದು ಹಿಂದೆ ಸರಿಯುತ್ತದೆ, ನಮ್ಮದೇ ಮಾತು ಕೊಡದ ಒಳಗಿಂದ ಬಂದಂತೆ ಕೇಳುತ್ತದೆ.

ಕೂತಿತು. ವಾಲ್ಯೂಮನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ ಮೆಸೇಜ್ ಹಾಕಿದೆ. ತೆಳ್ಳಗಿದ್ದ ದನಿಗೆ ಎದೆ ಬಂದಿತ್ತು. ಅತ್ತೆ ನನ್ನ ಎರಡು ಕಿವಿಗಳ ನಡುವೆ ಎಲ್ಲೋ ನಿಂತು "ಏ ಹುಡುಗಿ" ಎಂದಳು. ಬಳೆ ಫೋನಿಗೆ ತಾಗುವ ಸದ್ದಿತ್ತು, ಆಕೆಯ ಮನೆಯ ಫ್ಯಾನಿನ ಕಟಕಟ ಇತ್ತು. ಡಬ್ಬಿಗಳ ಮಾತು ಬಂದಾಗ ನಗುತ್ತಿದ್ದಳು. ಅದು ನನಗೆ ಮೊದಲು ಕೇಳಿಸಿರಲೇ ಇಲ್ಲ. ಸೀಟಿಯಾದ ಮೇಲೆ ಕೊನೆಯ ಮಾತಿಗೆ ಮುಂಚೆ ಒಂದು ಉಸಿರಿತ್ತು, ಭಾರವಾದದ್ದು. ಆ ಉಸಿರು ಕೇಳಿ ನನಗೆ ಹೆದರಿಕೆಯಾಯಿತು. ಅಂದೇ ಆಯಾಸವಿತ್ತೇ? ಆಯಾಸವಿದ್ದೂ ಚಲೋ ಎಂದಳೇ?

ಅಕ್ಷರ ಮಾತ್ರ ಗುಟ್ಟು ಬಿಟ್ಟುಕೊಡಲಿಲ್ಲ. ಒಮ್ಮೆ ಚಲೋ ಎನ್ನಿಸುತ್ತಿತ್ತು, ಇನ್ನೊಮ್ಮೆ ಚಾಲೋ. ಸಹೋದ್ಯೋಗಿಗೆ ಇಯರ್‌ಫೋನ್ ಕೊಟ್ಟೆ.

"ಚಾಲೋ," ಎಂದರು, ಯೋಚಿಸದೆ.

"ನೀವು ಗುಜರಾತಿನವರು, ನಿಮಗೆ ಹಾಗೇ ಕೇಳುತ್ತದೆ."

"ಹಾಗಾದ್ರೆ ನನ್ನನ್ನ ಯಾಕೆ ಕೇಳಿದ್ರಿ?" ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, "ನೋಡಿ ಬೆನ್, ಇಂಥ ಮೆಸೇಜನ್ನ ಫೋನು ಹಿಂಡಿ ಸಣ್ಣದು ಮಾಡಿ ಕಳಿಸುತ್ತೆ. ಹಿಂಡಿದಾಗ ಹೋದದ್ದು ಯಾವ ಟಿಪ್ಪಿನಿಂದಲೂ ಬರಲ್ಲ," ಎಂದರು.

ಒಂದು ಭಾನುವಾರ ಸೂರತ್ತಿಗೆ ಹೊರಟೆ. ರೈಲಿನಲ್ಲಿ ವೈರು ಕುತ್ತಿಗೆಯ ಪಟ್ಟಿಗೆ ಉಜ್ಜಿ ಕಿವಿಯಲ್ಲಿ ಗರಗರ ಎನ್ನುತ್ತಿತ್ತು. ಅದನ್ನು ಕಿವಿಯ ಮೇಲಿಂದ ಸುತ್ತಿ ತಂದ ಮೇಲೆ ಅಡಗಿತು. ವಡೋದರಾ ಬಂದಾಗ ಇಯರ್‌ಫೋನ್ ತೆಗೆದೆ. ಆ ಊರು ದಾಟುವಾಗ ಇಳಿಯದೆ ಕೂತಿರುವುದು ನನಗಿನ್ನೂ ಅಭ್ಯಾಸವಾಗಿಲ್ಲ. ಪಕ್ಕದವರು ಇಳಿದರು, ಬೇರೆಯವರು ಬಂದರು, ರೈಲು ಹೊರಟಿತು.

ಅತ್ತೆಯ ಮಗಳು ಕೊಯಾಲಿಯಲ್ಲೇ ಬೆಳೆದವಳು. ಅವಳ ಕನ್ನಡ ನಾಲ್ಕು ಹೆಜ್ಜೆ ನಡೆದು ಹಿಂದಿಗೆ ಹೊರಳುತ್ತದೆ. ಮೆಸೇಜ್ ಕೇಳಿಸಿದೆ.

"ಅಕ್ಕಾ, ಇದರಲ್ಲಿ ಡೌಟ್ ಕ್ಯಾ ಹೈ? ಚಾಲೋ. ಮಮ್ಮಿ ಫೋನ್ ಇಡೋವಾಗ ಹಮೇಶಾ ಚಾಲೋ ಅಂತಾಳ."

"ನಿನಗ ಅಂತಿದ್ಲು. ನನಗ 'ಇಡ್ಲೇನವಾ' ಅಂತಿದ್ಲು."

"ಪಕ್ಕಾ?"

ಪಕ್ಕಾ ಎನ್ನಲು ಬಾಯಿ ತೆರೆದೆ. ಆ ಹಸಿರು ಚೀಲ ನೆನಪಾಯಿತು.

"ಮಮ್ಮಿಗೇ ಕೇಳಿಸು ನಾ," ಎಂದಳು. "ಸ್ಪೀಕರ್ ಮೇಲೆ ಹಾಕು."

ಸ್ಪೀಕರ್ ಬೇಡವೆನ್ನಿಸಿತು. ಎಲ್ಲಕ್ಕಿಂತ ಸಣ್ಣ ರಬ್ಬರ್ ಟಿಪ್ಪನ್ನು ತೊಳೆದು ಒರೆಸಿ ಹಾಕಿದೆ. ಅತ್ತೆಯ ಎಡಕ್ಕೆ ಸ್ಟೂಲು ಎಳೆದು ಕೂತೆ. ಅಷ್ಟು ವರ್ಷ ಆಕೆಯ ಕೈಯಡುಗೆ ತಿಂದಿದ್ದೇನೆ, ಕಿವಿ ಮುಟ್ಟಿದ್ದು ಅದೇ ಮೊದಲು. ಬೆಂಡೋಲೆಯ ಭಾರಕ್ಕೆ ಹಾಲೆ ಜಗ್ಗಿತ್ತು. ಕಿವಿಯನ್ನು ಮೆಲ್ಲಗೆ ಮೇಲಕ್ಕೆಳೆದು ಟಿಪ್ ಒಳಗೆ ತಿರುಗಿಸುವಾಗ ಆಕೆ ಕಣ್ಣು ಮುಚ್ಚಿದಳು, ಬೇಡವೆನ್ನಲಿಲ್ಲ. ಮಗಳು ಒಳಗಿಂದ "ಚಾಯ್ ಮಾಡ್ಲಾ?" ಎಂದು ಕೂಗಿದ್ದಕ್ಕೆ ಅತ್ತ ನೋಡಲಿಲ್ಲ, ಸರಿಯಾಗಿ ಕೂತಿದೆ ಎಂದುಕೊಂಡೆ. ಇನ್ನೊಂದನ್ನು ನನ್ನ ಬಲಗಿವಿಗೆ ಹಾಕಿಕೊಂಡೆ. ವೈರು ಗಿಡ್ಡ, ತಲೆಗೆ ತಲೆ ತಾಗಿಸಿ ಕೂರಬೇಕಾಯಿತು.

"ಏ ಹುಡುಗಿ" ಎಂದು ಶುರುವಾದಾಗ ಆಕೆ ಕಣ್ಣು ತೆರೆದಳು. ನಾನು ಆಕೆಯ ತುಟಿ ನೋಡುತ್ತಿದ್ದೆ. ಚಟ್ನಿಪುಡಿ ಬಂತು, ಡಬ್ಬಿಗಳು ಬಂದವು, ಮುಖ ಹಾಗೇ ಇತ್ತು. ಕುಕ್ಕರ್ ಸೀಟಿ ಹೊಡೆಯಿತು. ಅತ್ತೆ ಥಟ್ಟನೆ ಅಡುಗೆಮನೆಯ ಕಡೆ ತಿರುಗಿದಳು. ಎಡಗೈಯನ್ನು ಕುರ್ಚಿಯ ಕೈಗೆ ಊರಿ ಏಳಲು ಹೋದಳು. ಆ ಯತ್ನಕ್ಕೆ ಎದೆಯಿಂದ ಒಂದು ಉಸಿರು ಹೊರಟಿತು. ಕಿವಿಯೊಳಗಿನ ಉಸಿರೂ ಆ ಹೊತ್ತಿಗೇ ಬಂತು, ಹಿಂದೆಯೇ ಆ ಮಾತು.

ಮಗಳು ಓಡಿ ಬಂದು ಭುಜ ಹಿಡಿದಳು. "ಮಮ್ಮಿ, ಬೈಠೋ, ಬೈಠೋ! ಕುಕ್ಕರ್ ಇಟ್ಟೇ ಇಲ್ಲ."

ಚಾಲೋ. ಒಲೆ ಆರಿಸಲು ಎದ್ದವಳ ಬಾಯಲ್ಲಿ ಬೇರೇನು ಬರುತ್ತದೆ? ಆ ಉಸಿರು ಆಯಾಸದ್ದಲ್ಲ, ಏಳುವಾಗಿನದು. ಅಂದು ಆಕೆ ನನಗೆ ಏನನ್ನೂ ಮುಚ್ಚಿಟ್ಟಿರಲಿಲ್ಲ. ನನ್ನ ಪ್ರಶ್ನೆಗೆ ಉತ್ತರವನ್ನೂ ಕೊಟ್ಟಿರಲಿಲ್ಲ. ಇಷ್ಟು ದಿನ ನನಗೆ ಬೇಕಾಗಿದ್ದದ್ದು ಚಲೋ ಎಂಬುದು ಆಗ ತಿಳಿಯಿತು, ಅದು ಸುಳ್ಳಾಗಿದ್ದರೂ.

ಅತ್ತೆ ಇನ್ನೂ ಅಡುಗೆಮನೆಯ ಕಡೆಗೇ ನೋಡುತ್ತಿದ್ದಳು, ಊರಿದ ಕೈ ತೆಗೆದಿರಲಿಲ್ಲ. ಮಗಳು ಅದನ್ನು ನೋಡಿದಳು. ಆಮೇಲೆ ಒಳಗೆ ಹೋಗಿ, ಹತ್ತಿಸದೇ ಇದ್ದ ಒಲೆಯ ಗುಂಡಿಯನ್ನು ಕಟ್ ಎಂದು ತಿರುವಿ, "ಬಂದ್ ಮಾಡ್ದೆ ಮಮ್ಮಿ," ಎಂದು ಜೋರಾಗಿ ಹೇಳಿದಳು. ಅತ್ತೆ ಕುರ್ಚಿಗೆ ಒರಗಿದಳು.

ಆಕೆಯ ಕಿವಿಯದನ್ನು ಮೊದಲು ತೆಗೆದೆ, ಆಮೇಲೆ ನನ್ನದು. ರಸ್ತೆಯ ಸದ್ದು, ಫ್ಯಾನಿನ ಸದ್ದು ಎಲ್ಲ ಒಮ್ಮೆಲೇ ಒಳಗೆ ಬಂದವು. ಸ್ಟೂಲನ್ನು ಅತ್ತೆಯ ಎದುರಿಗೆ ಸರಿಸಿಕೊಂಡೆ.

"ಅತ್ತಿ, ಈಗ ಹೆಂಗಿದ್ದಿ?" ಎಂದು ಕೇಳಿದೆ.

ಆಕೆ ನನ್ನನ್ನೇ ನೋಡಿದಳು. ಮಗಳು ಚಹಾ ತಂದು ನಡುವೆ ಇಟ್ಟಳು. ನಾನು ಲೋಟ ಮುಟ್ಟದೆ ಉತ್ತರಕ್ಕೆ ಕಾಯುತ್ತ ಕೂತಿದ್ದೆ.